ಷಟರಿಗೆ ಗೇಜು ಕೇಳಿದರೆ ಸಾಲದು

ಕೈಗಾರಿಕಾ ಪ್ರದೇಶದಲ್ಲಿ ಹೊಸ ಶೆಡ್ಡು ಕಟ್ಟಿಸುವ ಉದ್ಯಮಿಗಳು ಅಡಿಪಾಯದ ಆಳ, ಕಂಬಗಳ ನಡುವಣ ಅಂತರ, ಛಾವಣಿಯ ತಗಡು, ಕ್ರೇನಿನ ಸಾಮರ್ಥ್ಯ ಮೊದಲಾದ ಎಲ್ಲ ವಿಷಯಗಳನ್ನೂ ಎಂಜಿನಿಯರರೊಡನೆ ಕುಳಿತು ತೀರ್ಮಾನಿಸುತ್ತಾರೆ. ಬಾಗಿಲಿನ ಸರದಿ ಬರುವುದು ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಬ್ಯಾಂಕಿನಿಂದ ಬಂದ ಹಣ ಬಹುಪಾಲು ಖರ್ಚಾಗಿರುತ್ತದೆ. ಯಂತ್ರಗಳು ಬಂದಿಳಿದು ಟಾರ್ಪಾಲಿನಡಿ ಕಾಯುತ್ತಿರುತ್ತವೆ. ವಿದ್ಯುತ್ ಸಂಪರ್ಕದ ಓಡಾಟ ಒಂದೆಡೆ, ಉದ್ಘಾಟನೆಯ ಮುಹೂರ್ತ ಇನ್ನೊಂದೆಡೆ. ಆಗ ಹತ್ತಿರದ ಫ್ಯಾಬ್ರಿಕೇಟರಿಗೆ ಫೋನು ಹೋಗುತ್ತದೆ. ಕೇಳುವ ಪ್ರಶ್ನೆಗಳು ಎರಡೇ. ಎಷ್ಟು ಗೇಜು? ಚದರಡಿಗೆ ಎಷ್ಟು?

ಈ ಎರಡು ಪ್ರಶ್ನೆಗಳಿಗೆ ದೊರೆಯುವ ಉತ್ತರದಿಂದ ಷಟರಿನ ಬೆಲೆ ಗೊತ್ತಾಗುತ್ತದೆಯೇ ಹೊರತು ಅದು ಎಂಥ ಗಾಳಿಯನ್ನು ತಡೆಯಬಲ್ಲುದು, ಎಷ್ಟು ಮಳೆಯನ್ನು ಹೊರಗಿಡಬಲ್ಲುದು, ಫೋರ್ಕ್‌ಲಿಫ್ಟ್ ತಗುಲಿದರೆ ಏನಾದೀತು ಎಂಬುದಾವುದೂ ಗೊತ್ತಾಗುವುದಿಲ್ಲ. ಕೊಳ್ಳುವವರು ಕೇಳುವುದಿಲ್ಲವಾದ್ದರಿಂದ ಮಾಡುವವರು ಲೆಕ್ಕ ಹಾಕುವುದಿಲ್ಲ. ಲೆಕ್ಕ ಹಾಕುವ ಫ್ಯಾಬ್ರಿಕೇಟರು ದರದಲ್ಲಿ ಹಿಂದೆ ಬೀಳುತ್ತಾರೆ. ಷಟರನ್ನು ತಗಡಿನ ದಪ್ಪದ ಮೇಲೆ ಕೊಳ್ಳುವ ಪದ್ಧತಿ ಬಿಟ್ಟು, ಅದು ತಾಳಬೇಕಾದ ಒತ್ತಡದ ಮೇಲೆ ಕೊಳ್ಳುವ ಪದ್ಧತಿ ರೂಢಿಗೆ ಬರಬೇಕು. ಶೆಡ್ಡಿನ ನಕ್ಷೆಯ ಹಂತದಲ್ಲಿಯೇ ಬಾಗಿಲಿನ ತೀರ್ಮಾನವೂ ಆಗಬೇಕು.

ಒತ್ತಡದ ಲೆಕ್ಕ ಕಷ್ಟವಾದದ್ದೇನಲ್ಲ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ 3ನೇ ಭಾಗವು 2015ರಲ್ಲಿ ಪರಿಷ್ಕೃತವಾಯಿತು. ಅದರಂತೆ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39 ಮೀಟರ್, ಚೆನ್ನೈ ಮತ್ತು ವಿಶಾಖಪಟ್ಟಣಗಳದು 50 ಮೀಟರ್. ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂಬ ಒತ್ತಡ ಸಿಗುತ್ತದೆ. ಬೆಂಗಳೂರಿಗೆ ಇದು ಸುಮಾರು 653, ಮಂಗಳೂರಿಗೆ 913, ವಿಶಾಖಪಟ್ಟಣಕ್ಕೆ 1500. ನಿವೇಶನದ ಸುತ್ತಣ ಬಯಲು, ಕಟ್ಟಡದ ಎತ್ತರ, ಗೋಡೆಯ ಮೇಲೆ ಬಾಗಿಲಿರುವ ಜಾಗ ಇವುಗಳಿಗೆ ತಕ್ಕಂತೆ ಎಂಜಿನಿಯರು ಈ ಅಂಕಿಯನ್ನು ತುಸು ಏರಿಳಿಸುತ್ತಾರೆ; ಸ್ಥೂಲ ಅಂದಾಜಿಗೆ ಇಷ್ಟು ಸಾಕು. ವೇಗ ಒಂದೂವರೆ ಪಟ್ಟಾದಾಗ ಒತ್ತಡ ಎರಡೂಕಾಲು ಪಟ್ಟಾಗುತ್ತದೆಂಬುದನ್ನು ಮರೆಯಲಾಗದು. ಪೀಣ್ಯದ ಶೆಡ್ಡಿಗೆ ಸರಿಹೋದ ಷಟರನ್ನೇ ಅಳತೆ ಬದಲಿಸದೆ ವಿಶಾಖಪಟ್ಟಣದ ಗೋದಾಮಿಗೆ ಕಳುಹಿಸಿದರೆ ಅದು ಅಲ್ಲಿ ಅರ್ಧ ಶಕ್ತಿಯ ಬಾಗಿಲು. ಪೂರ್ವ ಕರಾವಳಿಯಲ್ಲಿ ಹಾಗೂ ಗುಜರಾತಿನ ಕರಾವಳಿಯಲ್ಲಿ ಕೈಗಾರಿಕಾ ಕಟ್ಟಡಗಳ ವಿನ್ಯಾಸಕ್ಕೆ ಗಾಳಿವೇಗವನ್ನು ಇನ್ನೂ ಶೇ. 15ರಷ್ಟು ಹೆಚ್ಚಿಸಿಕೊಳ್ಳಬೇಕೆಂದು ಇದೇ ಮಾನಕ ಹೇಳುತ್ತದೆ. ನಮ್ಮ ಪಶ್ಚಿಮ ಕರಾವಳಿಗೆ ಆ ಹೆಚ್ಚಳ ಅನ್ವಯಿಸುವುದಿಲ್ಲ. ಆದರೂ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದಡ ಮುಟ್ಟದೆ ಸಮುದ್ರದ ಮೇಲೆಯೇ ಸಾಗಿಹೋದಾಗ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳು ಅನುಭವಿಸಿದ್ದು ಅಲ್ಪವಲ್ಲ.

ಮಂಗಳೂರಿನ ಬೈಕಂಪಾಡಿಯಂತಹ ಪ್ರದೇಶದಲ್ಲಿ 4 ಮೀಟರ್ ಅಗಲ, 4 ಮೀಟರ್ ಎತ್ತರದ ಒಂದು ಷಟರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 16 ಚದರ ಮೀಟರಿನ ಮೇಲೆ ಬೀಳುವ ಒಟ್ಟು ಹೊರೆ ಹೆಚ್ಚುಕಡಿಮೆ ಒಂದೂವರೆ ಟನ್. ಇಷ್ಟು ಹೊರೆಗೆ ತಗಡು ಹರಿಯುತ್ತದೆಯೆಂದು ಅನೇಕರು ಭಾವಿಸುತ್ತಾರೆ. ಆದ್ದರಿಂದಲೇ 20 ಗೇಜಿನ ಬದಲು 18 ಗೇಜು ಹಾಕಿಸಿ ನೆಮ್ಮದಿಪಡುತ್ತಾರೆ. ವಾಸ್ತವದಲ್ಲಿ ತಗಡು ಹರಿಯುವುದು ಅಪರೂಪ. ಗಾಳಿ ನೂಕಿದಾಗ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಪಟ್ಟಿಗಳು ನಡುವಿನಲ್ಲಿ ಬಿಲ್ಲಿನಂತೆ ಬಾಗುತ್ತವೆ. ಬಾಗಿದ ಪಟ್ಟಿಯ ಎರಡು ತುದಿಗಳು ಪರಸ್ಪರ ಹತ್ತಿರ ಸರಿಯುತ್ತವೆ. ಒಂದು ಹಂತದಲ್ಲಿ ತುದಿ ಗೈಡ್ ಚಾನಲಿನಿಂದ ಹೊರಜಾರುತ್ತದೆ. ಒಂದು ಪಟ್ಟಿ ಜಾರಿದರೆ ಮೇಲಿನ ಕೆಳಗಿನ ಪಟ್ಟಿಗಳು ಅದನ್ನು ಹಿಂಬಾಲಿಸುತ್ತವೆ. ಕ್ಷಣಾರ್ಧದಲ್ಲಿ ಇಡೀ ಪರದೆ ಶೆಡ್ಡಿನೊಳಗೆ ಪಟಪಟಿಸತೊಡಗುತ್ತದೆ. ಬಿರುಗಾಳಿ ಕಳೆದ ಮೇಲೆ ಬಂದು ನೋಡಿದವರಿಗೆ ತಗಡು ಎಲ್ಲಿಯೂ ಹರಿಯದೆ, ಆದರೆ ಬಾಗಿಲೇ ಇಲ್ಲದೆ ಇರುವ ದೃಶ್ಯ ಕಾಣಸಿಗುವುದು ಇದರಿಂದಲೇ.

ಇಲ್ಲಿ ತಗಡಿನ ದಪ್ಪಕ್ಕಿಂತ ಬಾಗಿಲಿನ ಅಗಲ ಹೆಚ್ಚು ನಿರ್ಣಾಯಕ. ಅಗಲ ಇಮ್ಮಡಿಯಾದರೆ ಪಟ್ಟಿಯನ್ನು ಬಾಗಿಸುವ ಬಲ ನಾಲ್ಕು ಪಟ್ಟಾಗುತ್ತದೆ, ಬಾಗುವ ಪ್ರಮಾಣ ಹದಿನಾರು ಪಟ್ಟಾಗುತ್ತದೆ. ಗೇಜು ಒಂದು ಮೆಟ್ಟಿಲು ಏರಿಸಿದರೆ ದಪ್ಪ ಹೆಚ್ಚುವುದು ಮೂರನೆಯ ಒಂದು ಪಾಲಿನಷ್ಟು ಮಾತ್ರ. ಲಾರಿ ಸಲೀಸಾಗಿ ತಿರುಗಲೆಂದು ಬಾಗಿಲನ್ನು 3 ಮೀಟರಿನಿಂದ 5 ಮೀಟರಿಗೆ ಅಗಲಗೊಳಿಸಿ, ಅದರ ಬಾಬ್ತು ಗೇಜಿನಲ್ಲಿ ಸರಿದೂಗಿಸುತ್ತೇನೆಂದು ಹೊರಟವರ ಲೆಕ್ಕ ಎಂದಿಗೂ ಸರಿಹೋಗದು. ಪಟ್ಟಿಯ ಆಕಾರದ ಆಳ, ಗೈಡಿನ ಆಳ, ತುದಿಯ ಕೊಂಡಿ ಈ ಮೂರಕ್ಕೆ ಕೊಡಬೇಕಾದ ಗಮನವನ್ನು ಗೇಜು ಎಂಬ ಒಂದೇ ಪದ ನುಂಗಿಹಾಕಿದೆ.

ತುದಿ ಜಾರದಂತೆ ತಡೆಯುವ ಸಾಧನಕ್ಕೆ ವಿಂಡ್‌ಲಾಕ್ ಎಂದು ಹೆಸರು. ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿಯ ತುದಿಗೆ ಕೊಕ್ಕೆಯಂತಹ ಬಿಡಿಭಾಗ ಕೂರಿಸಿ, ಗೈಡಿನೊಳಗೆ ಅದನ್ನು ಹಿಡಿದಿಡುವ ಅಂಚೊಂದನ್ನು ಬೆಸೆಯಲಾಗುತ್ತದೆ. ನೋಡಲು ಸರಳ, ಸಣ್ಣ ಘಟಕಗಳಲ್ಲಿಯೂ ತಯಾರಿಸಬಹುದಾದದ್ದು. ಆದರೆ ವಿಂಡ್‌ಲಾಕ್ ಹಾಕಿದ ಕೂಡಲೇ ಸಮಸ್ಯೆ ಮುಗಿಯಿತೆಂದಲ್ಲ, ಅದು ಜಾಗ ಬದಲಿಸುತ್ತದೆ. ಈಗ ಪರದೆ ತೂಗುಹಾಸಿಗೆಯಂತೆ ಎರಡು ಗೈಡುಗಳ ನಡುವೆ ಬಿಗಿದುಕೊಳ್ಳುತ್ತದೆ, ಗೈಡುಗಳನ್ನು ಒಳಮುಖವಾಗಿ ಜಗ್ಗುತ್ತದೆ. ಮೇಲೆ ಹೇಳಿದ ಮಂಗಳೂರಿನ ಷಟರು ನಡುವಿನಲ್ಲಿ 20 ಸೆಂಟಿಮೀಟರ್ ಬಾಗಿತೆಂದಿಟ್ಟುಕೊಂಡು, ಪಟ್ಟಿಯ ಸ್ವಂತ ಬಿಗುವನ್ನು ಗಣನೆಗೆ ತೆಗೆದುಕೊಳ್ಳದೆ ಲೆಕ್ಕ ಹಾಕಿದರೆ, ಗೈಡಿನ ಪ್ರತಿ ಮೀಟರ್ ಎತ್ತರಕ್ಕೆ ಬೀಳುವ ಜಗ್ಗು ಸುಮಾರು 930 ಕಿಲೋ. ಪ್ರತಿ ಬದಿಯಲ್ಲಿ ಒಟ್ಟು ಮೂರೂವರೆ ಟನ್ನಿಗೂ ಮಿಕ್ಕಿದ್ದು. ಗೋಡೆಯ ಸಿಮೆಂಟ್ ಬ್ಲಾಕಿಗೆ ತೂತು ಕೊರೆದು ಅಡಿಗೊಂದರಂತೆ ಬಿಗಿದ ಬೋಲ್ಟುಗಳಿಂದ ಇದನ್ನು ನಿರೀಕ್ಷಿಸಬಹುದೇ? ಬ್ಲಾಕಿನ ಅಂಚು ಸಿಡಿದು ಗೈಡು ಬೋಲ್ಟಿನ ಸಮೇತ ಕಿತ್ತುಬರುತ್ತದೆ. ಗೈಡು ಕೂರಬೇಕಾದದ್ದು ಅದಕ್ಕೆಂದೇ ನಿಲ್ಲಿಸಿದ ಉಕ್ಕಿನ ಕಂಬಕ್ಕೆ ಅಥವಾ ಕಾಂಕ್ರೀಟ್ ಕಂಬದಲ್ಲಿ ಮೊದಲೇ ಹುದುಗಿಸಿದ ಪ್ಲೇಟಿಗೆ. ಆ ಕಂಬದ ಲೆಕ್ಕದಲ್ಲಿ ಈ ಜಗ್ಗು ಸೇರಿರಬೇಕು. ಗೋಡೆ ಎದ್ದು ಬಣ್ಣ ಬಳಿದಾದ ಮೇಲೆ ಷಟರಿನವರನ್ನು ಕರೆದರೆ ಈ ಯಾವುದಕ್ಕೂ ಅವಕಾಶವಿರುವುದಿಲ್ಲ.

ಬಾಗಿಲು ಹೋದರೆ ಹೋಯಿತು, ಇನ್ನೊಂದು ಹಾಕಿಸಿದರಾಯಿತು ಎನ್ನುವ ವಾದವೂ ಇದೆ. ಷಟರಿನ ಬೆಲೆ ಶೆಡ್ಡಿನ ಬೆಲೆಯ ಸಣ್ಣ ಪಾಲು, ಐವತ್ತು ವರ್ಷಕ್ಕೊಮ್ಮೆ ಬೀಸಬಹುದಾದ ಗಾಳಿಗೆ ಈಗಲೇ ಹಣವೇಕೆ ಸುರಿಯಬೇಕು ಎಂಬುದು ಮೇಲುನೋಟಕ್ಕೆ ವ್ಯಾಪಾರಿಯ ವಿವೇಕದಂತೆಯೇ ಕಾಣುತ್ತದೆ. ಆದರೆ ಬಾಗಿಲು ಒಂಟಿಯಾಗಿ ಹೋಗುವುದಿಲ್ಲ. ಮುಚ್ಚಿದ ಶೆಡ್ಡಿನೊಳಗೆ ಗಾಳಿಯ ಒತ್ತಡ ಅಲ್ಪ. ಗೋಡೆಯ ವಿಸ್ತೀರ್ಣದಲ್ಲಿ ಶೇ. 5ರಷ್ಟೂ ತೆರಪಿಲ್ಲದಿದ್ದರೆ ಹೊರಗಿನ ಒತ್ತಡದ ಐದನೆಯ ಒಂದು ಪಾಲನ್ನು ಒಳಒತ್ತಡವಾಗಿ ಹಿಡಿದರೆ ಸಾಕೆಂದು ಮಾನಕ ಹೇಳುತ್ತದೆ. ತೆರಪು ಶೇ. 5ರಿಂದ 20ರ ನಡುವೆ ಇದ್ದರೆ ಅದು ಅರ್ಧಕ್ಕೇರುತ್ತದೆ, ಶೇ. 20 ಮೀರಿದರೆ ಹತ್ತರಲ್ಲಿ ಏಳು ಪಾಲಾಗುತ್ತದೆ. 20 ಮೀಟರ್ ಅಗಲ, 6 ಮೀಟರ್ ಎತ್ತರದ ಮುಂಗೋಡೆಯಲ್ಲಿ ನಮ್ಮ 16 ಚದರ ಮೀಟರಿನ ಷಟರು ಕಿತ್ತುಹೋದರೆ ತೆರಪು ಶೇ. 13. ಕ್ಷಣಮಾತ್ರದಲ್ಲಿ ಶೆಡ್ಡು ಬಲೂನಿನಂತೆ ಉಬ್ಬುತ್ತದೆ, ಛಾವಣಿಯನ್ನು ಒಳಗಿನಿಂದ ಎತ್ತುವ ಬಲ ಚದರ ಮೀಟರಿಗೆ 28 ಕಿಲೋದಷ್ಟು ಹೆಚ್ಚುತ್ತದೆ. ಶೆಡ್ಡಿನ ಉದ್ದ 40 ಮೀಟರಾದರೆ ಇದು ಒಟ್ಟು 22 ಟನ್. ಅರ್ಧ ಮಿಲಿಮೀಟರ್ ದಪ್ಪದ ಛಾವಣಿ ತಗಡಿನ ಸ್ವಂತ ತೂಕ ಚದರ ಮೀಟರಿಗೆ 5 ಕಿಲೋ ಆಸುಪಾಸು. ಹೊರಗೆ ಛಾವಣಿಯ ಮೇಲೆ ಹಾಯುವ ಗಾಳಿ ಮೊದಲೇ ಅದನ್ನು ಮೇಲಕ್ಕೆ ಹೀರುತ್ತಿರುತ್ತದೆ. ಇನ್ನು ಸ್ಕ್ರೂಗಳ ಪಾಡೇನು?

ಈ ಪಾಠವನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತದ್ದು ಅಮೆರಿಕದ ಫ್ಲಾರಿಡಾ ರಾಜ್ಯ. 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ ಅಪ್ಪಳಿಸಿತು. ಆನಂತರ ಕಟ್ಟಡಗಳನ್ನು ಪರಿಶೀಲಿಸಿದ ತಜ್ಞರಿಗೆ ಕಂಡದ್ದು, ಎಷ್ಟೋ ಕಡೆ ಮೊದಲು ಮುರಿದದ್ದು ಗ್ಯಾರೇಜಿನ ಅಗಲವಾದ ಮೇಲೆತ್ತುವ ಬಾಗಿಲು, ಅದರ ಹಿಂದೆಯೇ ಹಾರಿದ್ದು ಛಾವಣಿ. 1994ರಲ್ಲಿ ಅಲ್ಲಿನ ಕಟ್ಟಡ ನಿಯಮಗಳು ಬಿಗಿಯಾದವು. ಸುಮಾರು 4.1 ಕಿಲೋ ತೂಕದ ಮರದ ತುಂಡನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಾಗಿಲಿನ ಮೇಲೆ ಹಾರಿಸುವುದು, ಬಳಿಕ ಅದೇ ಬಾಗಿಲನ್ನು ಸಾವಿರಕ್ಕೂ ಹೆಚ್ಚು ಬಾರಿ ಒತ್ತಡಕ್ಕೂ ಹೀರಿಕೆಗೂ ಒಳಪಡಿಸುವುದು ಅಲ್ಲಿನ ಪರೀಕ್ಷೆಯ ಕ್ರಮ. ಏಟು ಬಿದ್ದ ಬಾಗಿಲಿಗೆ ಗುಂಡಿ ಬಿದ್ದರೆ ತಪ್ಪಿಲ್ಲ. ಅದು ಚೌಕಟ್ಟು ಬಿಟ್ಟು ಕದಲಬಾರದು, ಗಾಳಿ ನುಗ್ಗುವಷ್ಟು ಹರಿಯಬಾರದು.

ಏಟು ತಾಳುವ ಬಾಗಿಲು ಎಂಬ ಮಾತನ್ನು ಇತ್ತೀಚೆಗೆ ಮಾರಾಟಗಾರರ ಕರಪತ್ರಗಳಲ್ಲಿ ಕಾಣಬಹುದಾದ್ದರಿಂದ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಮರದ ತುಂಡಿನ ಏಟಿನ ಶಕ್ತಿ ಸುಮಾರು 475 ಜೂಲ್. ಎರಡೂವರೆ ಟನ್ ಎತ್ತುವ ಫೋರ್ಕ್‌ಲಿಫ್ಟಿನ ಸ್ವಂತ ತೂಕ ಹೆಚ್ಚುಕಡಿಮೆ 4 ಟನ್. ಅದು ಮನುಷ್ಯ ನಡೆಯುವ ವೇಗದಲ್ಲಿ, ಅಂದರೆ ತಾಸಿಗೆ 5 ಕಿಲೋಮೀಟರಿನಲ್ಲಿ ಹಿಮ್ಮುಖವಾಗಿ ಬಂದು ಷಟರಿಗೆ ತಾಗಿದರೆ ಏಟಿನ ಶಕ್ತಿ 3,800 ಜೂಲ್ ಮೀರುತ್ತದೆ. ಎಂಟು ಪಟ್ಟು! ಚಂಡಮಾರುತದ ಪರೀಕ್ಷೆಯಲ್ಲಿ ಗೆದ್ದ ಬಾಗಿಲು ಕಾರ್ಖಾನೆಯ ಅಂಗಳದಲ್ಲಿ ಸೋಲಬಹುದು. ಫೋರ್ಕ್‌ಲಿಫ್ಟನ್ನು ತಡೆಯಬಲ್ಲ ಷಟರು ತಯಾರಿಸುವುದು ಬುದ್ಧಿವಂತಿಕೆಯೂ ಅಲ್ಲ. ಅದು ಮೇಲೆತ್ತಲಾಗದಷ್ಟು ಭಾರವಾದೀತು. ತಡೆಯಬೇಕಾದದ್ದು ಗೈಡುಗಳ ಎರಡೂ ಬದಿಯಲ್ಲಿ ಕಾಂಕ್ರೀಟ್ ತುಂಬಿ ನೆಲಕ್ಕೆ ಹೂಳಿದ ಕೊಳವೆ ಗೂಟಗಳು. ಬಾಗಿಲಿನ ಪರದೆಗೆ ಏಟು ಬಿದ್ದೇ ಬಿದ್ದರೆ ಕೆಡಬೇಕಾದದ್ದು ಅಗ್ಗದ ಭಾಗ ಮಾತ್ರ. ಕೆಳಗಿನ ಮೂರು ನಾಲ್ಕು ಪಟ್ಟಿಗಳನ್ನೂ ತಳಪಟ್ಟಿಯನ್ನೂ ಬಿಚ್ಚಿ ಬದಲಿಸುವಂತೆ ಬೋಲ್ಟಿನಿಂದ ಜೋಡಿಸಿದ್ದರೆ ಒಂದು ಮಧ್ಯಾಹ್ನದಲ್ಲಿ ದುರಸ್ತಿ ಮುಗಿಯುತ್ತದೆ. ಎಲ್ಲವನ್ನೂ ಬೆಸೆದುಬಿಟ್ಟಿದ್ದರೆ ಇಡೀ ಷಟರನ್ನು ಇಳಿಸಬೇಕು. ಫೋರ್ಕ್‌ಲಿಫ್ಟ್ ಪದೇಪದೇ ಓಡಾಡುವ ಬಾಗಿಲುಗಳಿಗೆ, ಏಟು ಬಿದ್ದಾಗ ಗೈಡಿನಿಂದ ತಾನೇ ಕಳಚಿಕೊಂಡು ಮತ್ತೊಮ್ಮೆ ಎತ್ತಿಳಿಸಿದಾಗ ತಾನೇ ಕೂಡಿಕೊಳ್ಳುವ ಬಟ್ಟೆಯ ವೇಗದ ಬಾಗಿಲುಗಳು ಬಂದಿವೆ. ಅವು ಹಗಲಿನ ಬಳಕೆಗೆ ಒಳ್ಳೆಯವು. ರಾತ್ರಿಯ ಭದ್ರತೆಗೂ ಬಿರುಗಾಳಿಗೂ ಹೊರಗಡೆ ಉಕ್ಕಿನ ಷಟರು ಬೇಕೇ ಬೇಕು.

ಮಳೆಯ ವಿಷಯ ಗಾಳಿಗಿಂತ ಸೂಕ್ಷ್ಮವಾದದ್ದು. ಐವತ್ತು ವರ್ಷದ ಗಾಳಿ ಬಂದರೆ ಬಂದೀತು, ಬಾರದಿದ್ದರೆ ಇಲ್ಲ. ಮುಂಗಾರು ಮಾತ್ರ ಪ್ರತಿ ವರ್ಷ ಬರುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರುವ ಮಳೆಯಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ, ಅದೂ ಪಡುವಣ ಗಾಳಿಯೊಡನೆ ಓರೆಯಾಗಿ ಸುರಿಯುತ್ತದೆ. ಸಾಮಾನ್ಯ ಷಟರಿನ ತಳಪಟ್ಟಿಗೂ ನೆಲಕ್ಕೂ ನಡುವೆ ಸಂದು, ಗೈಡಿನಲ್ಲಿ ಸಂದು, ಮೇಲೆ ಸುರುಳಿಯ ಮುಚ್ಚಳಕ್ಕೂ ತೊಲೆಗೂ ನಡುವೆ ಸಂದು. ತಳಕ್ಕೆ ರಬ್ಬರ್ ಅಂಟಿಸಿದರೆ ಸಾಕೆಂಬುದು ರೂಢಿಯ ನಂಬಿಕೆ. 10 ನ್ಯೂಟನ್ ಒತ್ತಡ ಸುಮಾರು 1 ಮಿಲಿಮೀಟರ್ ನೀರನ್ನು ಎತ್ತಿ ನಿಲ್ಲಿಸುತ್ತದೆ. ತಾಸಿಗೆ 72 ಕಿಲೋಮೀಟರ್ ವೇಗದ ಗಾಳಿ 240 ನ್ಯೂಟನ್ ಒತ್ತಡ ತರುತ್ತದೆ. ಹೊಸ್ತಿಲ ಬಳಿ ನೀರು ನಿಂತಿದ್ದರೆ ಆ ಗಾಳಿ ಅದನ್ನು 24 ಮಿಲಿಮೀಟರ್ ಏರು ದಾಟಿಸಿ ಒಳಗೆ ನೂಕಬಲ್ಲುದು. ಹಾಗಾಗಿ ರಬ್ಬರಿಗಿಂತ ಮೊದಲು ನೋಡಬೇಕಾದದ್ದು ನೆಲವನ್ನು: ಬಾಗಿಲಿನ ಗೆರೆಯಿಂದ ಹೊರಕ್ಕೆ ಇಳಿಜಾರು, ಅದರಾಚೆ ಜಾಲರಿ ಮುಚ್ಚಿದ ಚರಂಡಿ, ಷಟರು ಕೂರುವಲ್ಲಿ ಒಳನೆಲಕ್ಕಿಂತ ಒಂದಿಂಚು ತಗ್ಗಿನ ಮೆಟ್ಟಿಲು, ತಲೆಯ ಮೇಲೆ ಕನಿಷ್ಠ ಒಂದೂವರೆ ಮೀಟರ್ ಚಾಚಿದ ಮಳೆಮಾಡು. ಲಾರಿಯ ಚಕ್ರಕ್ಕೆ ಅಡ್ಡಿಯಾಗುತ್ತದೆಂದು ನೆಲವನ್ನು ಸಮತಟ್ಟು ಮಾಡಿಸಿದ ಶೆಡ್ಡುಗಳಲ್ಲಿ ಎಂತಹ ರಬ್ಬರೂ ಎರಡು ಮಳೆಗಾಲ ಬಾಳಲಾರದು. ನೆಲ ಸರಿಯಾದ ಮೇಲೆ ತಳಕ್ಕೆ ಕೊಳವೆಯಾಕಾರದ ಇಪಿಡಿಎಂ ರಬ್ಬರ್, ಗೈಡುಗಳ ಎರಡೂ ಮಗ್ಗುಲಿಗೆ ನೈಲಾನ್ ಬ್ರಷ್, ಮೇಲೆ ತೊಲೆಗೆ ಒತ್ತಿ ನಿಲ್ಲುವ ರಬ್ಬರ್ ಪಟ್ಟಿ ಹಾಕಿದರೆ ಅವು ತಮ್ಮ ಕೆಲಸ ಮಾಡುತ್ತವೆ.

ಯುರೋಪಿನ ಮಾನಕಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಕೈಗಾರಿಕಾ ಬಾಗಿಲುಗಳ ಗಾಳಿ ಸಾಮರ್ಥ್ಯವನ್ನು ಇಎನ್ 12424ರಂತೆ ವರ್ಗೀಕರಿಸುತ್ತಾರೆ: 1ನೇ ವರ್ಗಕ್ಕೆ ಚದರ ಮೀಟರಿಗೆ 300 ನ್ಯೂಟನ್, 2ಕ್ಕೆ 450, 3ಕ್ಕೆ 700, 4ಕ್ಕೆ 1000. ಬೆಂಗಳೂರಿಗೆ 3ನೇ ವರ್ಗ, ಮಂಗಳೂರಿಗೆ 4ನೇ ವರ್ಗ ಸ್ಥೂಲವಾಗಿ ಹೊಂದುತ್ತವೆ. ನೀರಿನ ತಡೆಗೆ ಬೇರೆಯದೇ ಮಾನಕ, ಇಎನ್ 12425. ಅದರ 1ನೇ ವರ್ಗದ ಪರೀಕ್ಷೆ ನಡೆಯುವುದು ಕೇವಲ 30 ನ್ಯೂಟನ್ ಒತ್ತಡದಲ್ಲಿ, 2ನೆಯದು 50ರಲ್ಲಿ. ಸಾವಿರ ನ್ಯೂಟನ್ ಗಾಳಿಗೆ ಅಲುಗದ ಬಾಗಿಲು ಐವತ್ತು ನ್ಯೂಟನ್ ಮೀರಿದೊಡನೆ ಸೋರಬಹುದು, ಅದಕ್ಕೆ ಪ್ರಮಾಣಪತ್ರವೂ ಇರಬಹುದು. ಆಮದು ಬಾಗಿಲಿನ ಕರಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದ ಗಾಳಿ, ಮಳೆ, ಧೂಳು ನಿರೋಧಕ ಎಂಬ ಪದಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಯಾವ ವರ್ಗವೆಂದು ಕೇಳುವುದು ಖರೀದಿದಾರರ ಹಕ್ಕು.

ಒಳಗಿರುವ ಸರಕಿನ ಮೇಲೂ ಬಾಗಿಲಿನ ಆಯ್ಕೆ ನಿಂತಿದೆ. ರಫ್ತಿನ ಗೋಡಂಬಿ ತಿರುಳಿನಲ್ಲಿ ತೇವಾಂಶ ಶೇ. 5 ಮೀರಬಾರದು, ಜುಲೈ ತಿಂಗಳ ಒದ್ದೆ ಗಾಳಿ ಆಡುವ ಗೋದಾಮಿನಲ್ಲಿ ಇದನ್ನು ಕಾಯ್ದುಕೊಳ್ಳುವುದು ಕರಾವಳಿಯ ಗೋಡಂಬಿ ಕಾರ್ಖಾನೆಯವರಿಗೆ ನಿತ್ಯದ ಹೋರಾಟ. ಅದೇ ಮಂಗಳೂರಿನಲ್ಲಿ ಮಾನ್ಸೂನ್ಡ್ ಮಲಬಾರ್ ಕಾಫಿ ತಯಾರಿಸುವ ಕ್ಯೂರಿಂಗ್ ಘಟಕಗಳು ಮುಂಗಾರಿನ ಗಾಳಿಗೆ ಬದಿಗಳನ್ನು ತೆರೆದೇ ಇಡುತ್ತವೆ. ಬೀಜ ತೇವ ಹೀರಿ ಉಬ್ಬಿ ಬಿಳಿಚುವುದೇ ಅಲ್ಲಿ ಬೆಲೆ. ಒಬ್ಬರಿಗೆ ಶತ್ರುವಾದ ಗಾಳಿ ಮತ್ತೊಬ್ಬರಿಗೆ ಬಂಡವಾಳ. ಅಕ್ಕಪಕ್ಕದ ಶೆಡ್ಡಿನವರು ಏನು ಹಾಕಿಸಿದರೆಂದು ನೋಡಿ ಬಾಗಿಲು ಹಾಕಿಸುವುದು ಎಷ್ಟು ಅವಿವೇಕವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಉಪ್ಪುಗಾಳಿಯ ಪ್ರದೇಶದಲ್ಲಿ ತಗಡಿನ ಸತುಲೇಪವನ್ನೂ ಲಿಖಿತವಾಗಿ ಕೇಳಬೇಕು. 120 ಜಿಎಸ್‌ಎಂ ಲೇಪನಕ್ಕೂ 275 ಜಿಎಸ್‌ಎಂ ಲೇಪನಕ್ಕೂ ಹೊಸದರಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣದು, ಆಯುಷ್ಯದಲ್ಲಿ ಕಾಣುತ್ತದೆ. ತುಕ್ಕು ಮೊದಲು ಹಿಡಿಯುವುದು ನೀರು ನಿಲ್ಲುವ ತಳಪಟ್ಟಿಗೆ ಮತ್ತು ಗೈಡಿನ ಬುಡಕ್ಕೆ. ಗಾಳಿಯ ಜಗ್ಗು ತಾಳಬೇಕಾದ ಬೋಲ್ಟುಗಳಿರುವುದೂ ಅಲ್ಲಿಯೇ.

ಷಟರು ಎಷ್ಟೇ ಬಲವಾಗಿದ್ದರೂ ತೆರೆದಿದ್ದಾಗ ಅದು ಬಾಗಿಲಲ್ಲ. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಮಳೆಯ ಮುನ್ನ ಬೀಸುವ ಗಾಳಿ ಹತ್ತು ನಿಮಿಷದ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಮೋಟಾರಿನಿಂದ ಇಳಿಯುವ ಷಟರಾದರೆ, ಆ ಗಾಳಿಗೆ ಮೊದಲು ಹೋಗುವುದು ವಿದ್ಯುತ್ತು. ಕೈಸರಪಳಿಯ ವ್ಯವಸ್ಥೆ ಇಲ್ಲದ ಮೋಟಾರ್ ಷಟರನ್ನು ಯಾರೂ ಒಪ್ಪಿಕೊಳ್ಳಬಾರದು. ಸ್ಪ್ರಿಂಗ್ ಮುರಿದರೆ ಅಥವಾ ಗೇರು ಕಳಚಿದರೆ ಪರದೆ ಧೊಪ್ಪನೆ ಕೆಳಗೆ ಬೀಳದಂತೆ ತಡೆಯುವ ಸುರಕ್ಷಾ ಬ್ರೇಕಿನ ವಿಷಯದಲ್ಲಂತೂ ಚೌಕಾಸಿಗೆ ಎಡೆಯಿಲ್ಲ. ಅದರಡಿ ದಿನಕ್ಕೆ ನೂರಾರು ಬಾರಿ ಹಾದುಹೋಗುವವರು ಕಾರ್ಮಿಕರು.

ವಿಮೆಯ ಭರವಸೆಯನ್ನು ಕೆಲವರು ಮುಂದಿಡುತ್ತಾರೆ. 2021ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಮತ್ತು ಭಾರತ್ ಲಘು ಉದ್ಯಮ್ ಸುರಕ್ಷಾ ಪಾಲಿಸಿಗಳಲ್ಲಿ ಬಿರುಗಾಳಿಯ ಹಾನಿ ಸೇರಿದೆ, ನಿಜ. ಕಟ್ಟಡಕ್ಕೂ ದಾಸ್ತಾನಿಗೂ ಪರಿಹಾರ ಬಂದೀತು. ಛಾವಣಿ ಮತ್ತೆ ಏರುವವರೆಗೆ ಉತ್ಪಾದನೆ ನಿಂತ ನಷ್ಟಕ್ಕೆ ಪ್ರತ್ಯೇಕ ರಕ್ಷಣೆ ಕೊಂಡಿರಬೇಕು. ಆ ಅವಧಿಯಲ್ಲಿ ಬೇರೆ ಪೂರೈಕೆದಾರರ ಕಡೆ ಹೋದ ಗಿರಾಕಿಯನ್ನು ಯಾವ ಪಾಲಿಸಿಯೂ ಮರಳಿ ತರಲಾರದು.

ಇಷ್ಟೆಲ್ಲ ಗುಣಗಳುಳ್ಳ ಬಾಗಿಲು ಬೇಕಾದರೆ ವಿದೇಶಿ ಕಂಪನಿಯ ಸೆಕ್ಷನಲ್ ಬಾಗಿಲನ್ನೇ ತರಿಸಬೇಕೆಂದು ದೊಡ್ಡ ಕಾರ್ಖಾನೆಗಳು ಭಾವಿಸಿವೆ. ಶೀತಲಗೃಹಕ್ಕೆ, ಔಷಧ ಘಟಕಕ್ಕೆ ಅವು ಯೋಗ್ಯವಾಗಿರಬಹುದು. ಉಳಿದವರಿಗೆ ಬೇಕಾದ ಆಳವಾದ ಗೈಡು, ವಿಂಡ್‌ಲಾಕ್, ಸರಿಯಾದ ಕಂಬ, ಬ್ರಷ್, ರಬ್ಬರ್ ಇವುಗಳಲ್ಲಿ ನಮ್ಮ ಫ್ಯಾಬ್ರಿಕೇಟರರ ಕೈಗೆಟುಕದ್ದು ಯಾವುದೂ ಇಲ್ಲ. ರೋಲಿಂಗ್ ಷಟರಿನ ಪಟ್ಟಿ, ಶಾಫ್ಟು, ಸ್ಪ್ರಿಂಗ್ ಮೊದಲಾದವುಗಳಿಗೆ ಐಎಸ್ 6248 ಎಂಬ ಮಾನಕ ಮೊದಲಿನಿಂದಲೇ ಇದೆ. ನಿರ್ದಿಷ್ಟ ಊರಿನ, ನಿರ್ದಿಷ್ಟ ಅಗಲದ ಬಾಗಿಲಿಗೆ ಎಷ್ಟು ಒತ್ತಡವೆಂದು ಹೇಳುವ ಹೊಣೆ ಮಾತ್ರ ಕೊಳ್ಳುವವರದು. ಆದೇಶಪತ್ರದಲ್ಲಿ ಗೇಜಿನ ಜೊತೆಗೆ, ಈ ಷಟರು ಚದರ ಮೀಟರಿಗೆ ಇಷ್ಟು ನ್ಯೂಟನ್ ಒತ್ತಡವನ್ನೂ ಅಷ್ಟೇ ಹೀರಿಕೆಯನ್ನೂ ಗೈಡಿನಿಂದ ಜಾರದೆ ತಾಳತಕ್ಕದ್ದು ಎಂಬ ಒಂದು ವಾಕ್ಯ ಸೇರಿದರೆ ಮಾರುಕಟ್ಟೆಯ ನಡವಳಿಕೆಯೇ ಬದಲಾಗುತ್ತದೆ.

ಅದನ್ನು ಪರೀಕ್ಷಿಸುವುದು ಹೇಗೆ? ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕೆಂಬುದು ನೆಪ. 4 ಮೀಟರ್ ಅಗಲದ ಷಟರಿನ ಒಂದು ಮೀಟರ್ ಎತ್ತರದಷ್ಟು ತುಂಡನ್ನು ಅದರದೇ ಗೈಡುಗಳೊಡನೆ ಗಟ್ಟಿ ಚೌಕಟ್ಟಿಗೆ ಬಿಗಿದು ನೆಲಮಟ್ಟದಿಂದ ಮೇಲೆ ಅಡ್ಡಡ್ಡ ಮಲಗಿಸಿ, ಅದರ ಮೇಲೆ ಮರಳಿನ ಚೀಲಗಳನ್ನು ಸಮನಾಗಿ ಹರಡಬೇಕು. ಮಂಗಳೂರಿನ ಒತ್ತಡಕ್ಕೆ ಚದರ ಮೀಟರಿಗೆ 93 ಕಿಲೋ, ಅಂದರೆ ಪಟ್ಟಿಗಳ ಸ್ವಂತ ತೂಕವೂ ಸೇರಿ ಒಟ್ಟು 370 ಕಿಲೋ. ಏಳೂವರೆ ಸಿಮೆಂಟ್ ಚೀಲದಷ್ಟು ಭಾರ. ತುದಿ ಜಾರಿತೇ, ಗೈಡು ಬಾಯಿ ತೆರೆಯಿತೇ, ಹೊರೆ ಇಳಿಸಿದ ಮೇಲೆ ಷಟರು ಮತ್ತೆ ಸುರುಳಿಯಾಗುತ್ತದೆಯೇ ಎಂಬುದನ್ನು ಗಿರಾಕಿಯ ಎದುರಿನಲ್ಲೇ ತೋರಿಸಬಹುದು. ಗಾಳಿಯ ರಭಸದ ಬಡಿತಕ್ಕೆ ಇದು ಪೂರ್ತಿ ಸಮವಲ್ಲ, ಆದರೆ ಗೇಜು ಎಂಬ ಪದಕ್ಕಿಂತ ಸಾವಿರ ಪಾಲು ಮೇಲು. ನಾಲ್ಕಾರು ಘಟಕಗಳು ಒಟ್ಟಾಗಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಡಿ ಒಂದು ಒತ್ತಡ ಪೆಟ್ಟಿಗೆಯನ್ನು ಸ್ಥಾಪಿಸಿಕೊಳ್ಳಲು ಮುಂದಾದರೆ ಇನ್ನೂ ಒಳ್ಳೆಯದು: ಒಂದು ಬದಿಗೆ ಷಟರು ಕೂರಿಸಿದ ಭದ್ರವಾದ ಕೋಣೆ, ಒಂದು ಬ್ಲೋವರ್, ಒತ್ತಡ ಅಳೆಯಲು ನೀರಿನ ಕೊಳವೆ, ನೀರು ಸಿಂಪಡಿಸಲು ಪೈಪುಗಳ ಸಾಲು. ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಇದರಲ್ಲಿ ನೇತೃತ್ವ ವಹಿಸಬಹುದು; ಊರೂರಿನ ಗಾಳಿಯ ಒತ್ತಡವನ್ನೂ ಆದೇಶಪತ್ರದ ಮಾದರಿಯನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚುವುದಕ್ಕಂತೂ ಯಾವ ಅನುದಾನವನ್ನೂ ಕಾಯಬೇಕಿಲ್ಲ.

ಹೊಸದಾಗಿ ಕಟ್ಟುವವರ ಮಾತು ಹೀಗಾದರೆ, ಈಗಾಗಲೇ ನಿಂತಿರುವ ಸಾವಿರಾರು ಶೆಡ್ಡುಗಳ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ಅವುಗಳಿಗೆ ಅಗ್ಗದ ಉಪಾಯವೊಂದಿದೆ: ಷಟರಿನ ಒಳಬದಿಯ ನಡುಮಧ್ಯದಲ್ಲಿ ನಿಲ್ಲಿಸಿ ತೆಗೆಯಬಹುದಾದ ಉಕ್ಕಿನ ನಡುಗಂಬ. ನೆಲದಲ್ಲಿ ಮುಚ್ಚಳವಿರುವ ಒಂದು ಕೊಳವೆ ಗುಳಿ, ಮೇಲೆ ತೊಲೆಗೆ ಒಂದು ಹಿಡಿಕೆ, ನಡುವೆ ನಾಲ್ಕು ಅಥವಾ ಐದು ಇಂಚಿನ ಚಾನಲ್. ಇದರಿಂದ 4 ಮೀಟರಿನ ಪಟ್ಟಿ 2 ಮೀಟರಿನ ಎರಡು ಪಟ್ಟಿಗಳಂತೆ ವರ್ತಿಸುತ್ತದೆ, ಬಾಗಿಸುವ ಬಲ ಕಾಲುಭಾಗಕ್ಕಿಳಿಯುತ್ತದೆ. ಒಟ್ಟು ಹೊರೆಯ ಅರ್ಧಕ್ಕೂ ಹೆಚ್ಚು ಪಾಲು ಈ ಕಂಬದ ಮೇಲೆ ಬೀಳುವುದರಿಂದ ಹಿಡಿಕೆ ಮತ್ತು ತೊಲೆಯನ್ನು ಎಂಜಿನಿಯರು ಒಮ್ಮೆ ನೋಡಬೇಕು. ಹೊರಕ್ಕೆ ಹೀರುವ ಗಾಳಿಗೆ ಇದು ಉಪಯೋಗವಿಲ್ಲ. ಗಾಳಿ ಎದುರಾಗಿ ಬೀಸುವ ಪಡುವಣ ಗೋಡೆಯ ಬಾಗಿಲುಗಳಿಗೆ ಮೊದಲು ಮಾಡಿಸುವುದು ಲೇಸು. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಕಂಬವನ್ನು ನಿಲ್ಲಿಸುವುದು ಯಾರ ಕೆಲಸವೆಂದು ಮೊದಲೇ ಗೊತ್ತುಮಾಡಿರಬೇಕು. ಅದು 40ರಿಂದ 50 ಕಿಲೋ ತೂಗುವುದರಿಂದ ಇಬ್ಬರು ಬೇಕು. ರಾತ್ರಿ ಕಾವಲುಗಾರ ಒಬ್ಬನೇ ಇರುವ ಕಾರ್ಖಾನೆಗಳಲ್ಲಿ ಮೇ ತಿಂಗಳ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ ಪ್ರತಿ ಸಂಜೆ ಬೀಗ ಹಾಕುವ ಮುನ್ನ ಅದನ್ನು ನಿಲ್ಲಿಸಿಯೇ ಮನೆಗೆ ಹೋಗುವ ಕ್ರಮವನ್ನು ಇಟ್ಟುಕೊಳ್ಳಬಹುದು.